ಎಂಬಿಎಗೆ ಮುನ್ನ ಎಷ್ಟು ವರ್ಷದ ಕೆಲಸ? ಗಂಗಾವತಿಯ ಅಕ್ಕಿ ಗಿರಣಿಯಿಂದ ಒಂದು ಪ್ರಶ್ನೆ

ಪ್ರಶ್ನೆ (ಗಂಗಾವತಿ)

2023ರಲ್ಲಿ ಬಳ್ಳಾರಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದಾಗಿನಿಂದ ನಮ್ಮ ಮನೆಯ ಅಕ್ಕಿ ಗಿರಣಿಯಲ್ಲಿ ತಂದೆಯವರ ಜೊತೆ ದುಡಿಯುತ್ತಿದ್ದೇನೆ. ಭತ್ತದ ಖರೀದಿ, ಬಾಯ್ಲರಿನ ದುರಸ್ತಿ, ಬೆಂಗಳೂರಿನ ವ್ಯಾಪಾರಿಗಳಿಂದ ಬಾಕಿ ವಸೂಲಿ, ಎಲ್ಲವೂ ನನ್ನ ಪಾಲಿಗೆ ಬಂದಿವೆ. ಎಂಬಿಎ ಓದುವ ಆಸೆಯಿದೆ. ತಡಮಾಡಿದರೆ ಓದು ತಲೆಗೆ ಹತ್ತದು, ಈ ವರ್ಷವೇ ಎಂಬಿಎ ಪ್ರವೇಶದ ಕ್ಯಾಟ್ ಪರೀಕ್ಷೆ ಬರೆ ಎಂದು ಸೋದರಮಾವ ಹೇಳಿದರೆ, ದೊಡ್ಡ ಕಂಪನಿಯಲ್ಲಿ ಎರಡು ವರ್ಷ ಕಳೆಯದೆ ಹೋದರೆ ಸಂದರ್ಶನದಲ್ಲೇ ಸೋಲುತ್ತೀಯೆಂದು ಗೆಳೆಯರು ಹೇಳುತ್ತಾರೆ. ಎಷ್ಟು ಅನುಭವ ಸಾಕು? ಮನೆಯ ಗಿರಣಿಯ ಕೆಲಸ ಲೆಕ್ಕಕ್ಕೆ ಬರುತ್ತದೆಯೇ?

ಉತ್ತರ (ತೋರಣಗಲ್ಲು)

ಉಕ್ಕಿನ ಕಾರ್ಖಾನೆಯಲ್ಲಿ ಮೂರು ವರ್ಷ ಯಂತ್ರಗಳ ನಿರ್ವಹಣೆ ನೋಡಿಕೊಂಡು ಆಮೇಲೆ ಎಂಬಿಎಗೆ ಹೋದವನು ನಾನು. ಕ್ಯಾಟ್ ಬರೆಯಲು ಅನುಭವ ಬೇಕಿಲ್ಲ. ಪದವಿಯಲ್ಲಿ ಶೇ 50 ಅಂಕ, ಪರಿಶಿಷ್ಟರಿಗೂ ವಿಕಲಚೇತನರಿಗೂ ಶೇ 45, ಇದ್ದರೆ ಸಾಕು. ಆದರೆ ಆಯ್ಕೆಯಲ್ಲಿ ಅನುಭವಕ್ಕೆ ಬೆಲೆಯಿದೆ: ಮ್ಯಾನೇಜ್‌ಮೆಂಟ್ ಕಲಿಸುವ ಸಂಸ್ಥೆ ಐಐಎಂ ಬೆಂಗಳೂರು ಪ್ರಕಟಿಸಿದ ಸೂತ್ರಗಳಲ್ಲಿ ಅದರ ಅಂಕ 36 ತಿಂಗಳವರೆಗೆ ಏರಿ ಅಲ್ಲಿಗೆ ನಿಲ್ಲುತ್ತದೆ. ಅನುಭವಿಗಳಿಗೆಂದೇ ಇರುವ ಒಂದು ವರ್ಷದ ಕೋರ್ಸುಗಳ ದಾರಿ ಬೇರೆ; ಐಐಎಂ ಅಹಮದಾಬಾದಿನ ಪಿಜಿಪಿಎಕ್ಸ್ ಕನಿಷ್ಠ 4 ವರ್ಷ, ಐಐಎಂ ಬೆಂಗಳೂರಿನ ಇಪಿಜಿಪಿ 5 ವರ್ಷ ಕೇಳುತ್ತವೆ. ಕ್ಯಾಟ್ ಅಂಕ ಆಯಾ ವರ್ಷದ ಪ್ರವೇಶಕ್ಕಷ್ಟೇ ನಡೆಯುತ್ತದೆ, ಆ ಒಂದು ವರ್ಷದ ಕೋರ್ಸುಗಳು ಒಪ್ಪುವ ಜಿಮ್ಯಾಟ್ ಪರೀಕ್ಷೆಯ ಅಂಕ 5 ವರ್ಷ ಬಾಳುತ್ತದೆ. ಕಾಯುವ ಮನಸ್ಸಿದ್ದರೆ ಇದು ನೆನಪಿರಲಿ.

ಇಷ್ಟು ಲೆಕ್ಕ ತಿಳಿದ ಮೇಲೂ ನನ್ನ ಅಭಿಪ್ರಾಯದಲ್ಲಿ ಮುಖ್ಯವಾದದ್ದು ಇನ್ನೊಂದಿದೆ. ನನ್ನ ಸಂದರ್ಶನದಲ್ಲಿ ವರ್ಷ ಎಷ್ಟೆಂದು ಯಾರೂ ಕೇಳಲಿಲ್ಲ. ಒಂದು ಬೇರಿಂಗ್ ಕೆಟ್ಟ ರಾತ್ರಿ ಲೈನ್ ನಿಲ್ಲಿಸಬೇಕೋ ಬೇಡವೋ ಎಂದು ತೀರ್ಮಾನಿಸಿದವರು ಯಾರು, ಆ ತೀರ್ಮಾನದಿಂದ ಎಷ್ಟು ನಷ್ಟವಾಯಿತು ಎಂಬುದನ್ನೇ ಹತ್ತು ನಿಮಿಷ ಕೆದಕಿದರು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ (ನೀರು ಹೊರಬಿಡುವ ಬಾಗಿಲು) ಕೊಚ್ಚಿಹೋಗಿ ಭತ್ತಕ್ಕೆ ನೀರು ಸಿಗದೆಂಬ ಭಯ ಹುಟ್ಟಿದಾಗ ನಿಮ್ಮ ಗಿರಣಿ ದಾಸ್ತಾನನ್ನು ಮಾರಿತೋ ಹಿಡಿದಿಟ್ಟಿತೋ, ಅಲ್ಲಿ ನಿಮ್ಮ ಮಾತು ನಡೆಯಿತೋ? ಅದಕ್ಕೆ ನಿಮ್ಮಲ್ಲಿ ಉತ್ತರವಿದ್ದರೆ ಬೇರೆ ಕಂಪನಿಯನ್ನು ಹುಡುಕಿಕೊಂಡು ಹೋಗುವ ಅಗತ್ಯ ನನಗೆ ಕಾಣುವುದಿಲ್ಲ.

ಉತ್ತರ (ರಾಯಚೂರು)

ಮೇಲಿನ ಮಾತು ನಿಜ, ಆದರೆ ಕಾಗದವಿಲ್ಲದ ಅನುಭವ ಅರ್ಜಿಯಲ್ಲಿ ನಿಲ್ಲುವುದಿಲ್ಲ. ನಾನು ಇಲ್ಲಿನ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಎರಡು ಹಂಗಾಮು ಲೆಕ್ಕಪತ್ರ ನೋಡಿಕೊಂಡೆ. ಪ್ರತಿ ತಿಂಗಳು ಸಂಬಳ ಲಕೋಟೆಯಲ್ಲಿ ನಗದಾಗಿ ಬರುತ್ತಿತ್ತು. ನೇಮಕಪತ್ರವಿರಲಿಲ್ಲ, ಭವಿಷ್ಯನಿಧಿಯೂ ಇರಲಿಲ್ಲ. ದಾಖಲೆಗಳ ಪರಿಶೀಲನೆಯ ದಿನ ಮಾಲೀಕರ ಕೈಬರಹದ ಒಂದು ಚೀಟಿ ಮಾತ್ರ ನನ್ನ ಬಳಿ ಇತ್ತು, ಆ ಎರಡೂ ಹಂಗಾಮು ಸೊನ್ನೆಯಾದವು. ಆ ನೋವು ಇನ್ನೂ ಇದೆ. ಆದ್ದರಿಂದ ತಂದೆಯವರ ಗಿರಣಿಯೇ ಆದರೂ ನೇಮಕಪತ್ರ ಬರೆಸಿಕೊಳ್ಳಿ, ಸಂಬಳ ಬ್ಯಾಂಕ್ ಖಾತೆಗೆ ಬರಲಿ, ಆದಾಯ ತೆರಿಗೆಯ ವಿವರ ಸಲ್ಲಿಸಿ. ಪದವಿಗೆ ಮುಂಚೆ ರಜೆಯಲ್ಲಿ ಮಾಡಿದ ಕೆಲಸವನ್ನು ಇದರಲ್ಲಿ ಸೇರಿಸಬೇಡಿ.

ಉತ್ತರ (ಕೊಪ್ಪಳ)

ನಾನು ಪದವಿ ಮುಗಿದ ಕೂಡಲೇ ಎಂಬಿಎಗೆ ಸೇರಿದವಳು. ಪ್ರವೇಶಕ್ಕೇನೂ ತೊಂದರೆಯಾಗಲಿಲ್ಲ. ಆದರೆ ದುಡಿಯುವ ಬಂಡವಾಳದ (ದಿನನಿತ್ಯದ ವ್ಯವಹಾರಕ್ಕೆ ಬೇಕಾದ ಹಣದ) ಪಾಠ ನಡೆಯುವಾಗ, ಸಾಲಕ್ಕೆ ಮಾಲು ಕೊಟ್ಟು ಹಣಕ್ಕಾಗಿ ಕಾದು ಕುಳಿತವರಿಗೆ ಅದು ತಟ್ಟಿದಂತೆ ನನಗೆ ತಟ್ಟಲಿಲ್ಲ. ಸೂತ್ರವನ್ನು ಬಾಯಿಪಾಠ ಮಾಡಿ ಪರೀಕ್ಷೆ ಬರೆದೆ. ನೀವು ಬಾಕಿ ವಸೂಲಿಗೆ ಅಲೆದವರು, ಆ ತರಗತಿ ನಿಮಗೆ ದಕ್ಕುತ್ತದೆ.

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ಧನ್ಯವಾದಗಳು. ಗೇಟ್ ಹೋದ ವಾರ ದಾಸ್ತಾನು ಹಿಡಿದಿಡೋಣವೆಂದು ತಂದೆಯವರನ್ನು ಒಪ್ಪಿಸಿದವನು ನಾನೇ. ಗೇಟಿನ ಜಾಗದಲ್ಲಿ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಕೂರಿಸಿ, ಹರಿದುಹೋಗುತ್ತಿದ್ದ ನೀರು ನಿಂತ ಮೇಲೆ ಎಣಿಸಿದಷ್ಟು ಲಾಭ ಬರಲಿಲ್ಲ, ಗೋದಾಮಿನಲ್ಲಿ ಕೂತ ಹಣಕ್ಕೆ ಬ್ಯಾಂಕಿನ ಬಡ್ಡಿ ಮಾತ್ರ ಕಟ್ಟಬೇಕಾಯಿತು. ಅದನ್ನು ಸೋಲೆಂದು ಮುಚ್ಚಿಡಬೇಕೆಂದುಕೊಂಡಿದ್ದೆ, ಈಗ ಅಂಕಿಗಳ ಸಮೇತ ಬರೆದಿಡುತ್ತೇನೆ. ಈ ವರೆಗೆ ನನ್ನ ಹೆಸರಿನಲ್ಲಿ ಸಂಬಳವೆಂಬುದು ಲೆಕ್ಕದ ಪುಸ್ತಕದಲ್ಲೇ ಇಲ್ಲ. ಸೋಮವಾರ ಲೆಕ್ಕಪರಿಶೋಧಕರ ಬಳಿ ಹೋಗಿ ಅದನ್ನು ಮೊದಲು ಸರಿಪಡಿಸಿಕೊಳ್ಳುತ್ತೇನೆ.