ಐಫೆಲ್ ಗೋಪುರದ ರಾತ್ರಿ ಫೋಟೋ: ಮಿನುಗುವಾಗ ಶಟರ್ ಎಷ್ಟಿಡಬೇಕು?

ಪ್ರಶ್ನೆ:
ಡಿಸೆಂಬರ್‌ನಲ್ಲಿ ಪ್ಯಾರಿಸ್‌ಗೆ ಹೋಗ್ತಿದ್ದೇನೆ. ಮಿರರ್‌ಲೆಸ್ ಕ್ಯಾಮೆರಾ, 24-70 ಲೆನ್ಸ್ ಇದೆ, ಟ್ರೈಪಾಡ್ ಒಯ್ಯಲ್ಲ. ಗೋಪುರದ ಹೊಂಬಣ್ಣವೂ ಬೇಕು, ಗಂಟೆಗೊಮ್ಮೆ ಮಿನುಗೋದೂ ಬೇಕು. ಎರಡಕ್ಕೂ ಒಂದೇ ಸೆಟ್ಟಿಂಗ್ ಸಾಕಾ? ಎಲ್ಲಿ ನಿಲ್ಲಬೇಕು?

ಉತ್ತರ 1:
ಸಾಕಾಗಲ್ಲ. ಹೊಂಬಣ್ಣದ ದೀಪಗಳು ಕತ್ತಲಾದ ಮೇಲೆ ಮಿನುಗದೆ ಒಂದೇ ಸಮ ಉರಿಯುತ್ತಿರುತ್ತವೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕೆಂಬ ಅಂಕಿ) 100, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್/8, ಶಟರ್ (ಬೆಳಕು ಒಳಬರುವ ಹೊತ್ತು) 4 ಸೆಕೆಂಡಿನಿಂದ ಶುರುಮಾಡಿ. ಕತ್ತಲಾದ ಮೇಲೆ ಪ್ರತಿ ಗಂಟೆಯ ಮೊದಲ 5 ನಿಮಿಷ ಮಿನುಗುವ 20,000 ಬಲ್ಬುಗಳೇ ಬೇರೆ. ಒಂದೊಂದೂ ಕ್ಯಾಮೆರಾ ಫ್ಲ್ಯಾಶ್‌ನ ಹಾಗೆ ಫಕ್ಕನೆ ಹೊಳೆದು ಆರುತ್ತದೆ. ಹಾಗಾಗಿ ಚುಕ್ಕಿಯ ಪ್ರಖರತೆ ಅಪರ್ಚರ್ ಮತ್ತು ಐಎಸ್‌ಒ ಕೈಯಲ್ಲಿ, ಚುಕ್ಕಿಗಳ ಸಂಖ್ಯೆ ಶಟರ್ ಕೈಯಲ್ಲಿ. 8 ಸೆಕೆಂಡ್ ತೆರೆದಿಟ್ಟರೆ ಚುಕ್ಕಿ ಮೇಲೆ ಚುಕ್ಕಿ ಬಿದ್ದು ಕಬ್ಬಿಣದ ಜಾಲರಿಯೇ ಕಾಣದೆ ಬರೀ ಬಿಳಿ ಕಂಬ ಉಳಿಯುತ್ತದೆ. ಐಎಸ್‌ಒ 400, ಎಫ್/5.6, ಅರ್ಧ ಸೆಕೆಂಡ್ ಇಟ್ಟು ನೋಡಿ. ಜಾಲರಿಯ ಎಳೆಗಳ ನಡುವೆ ಕತ್ತಲು ಉಳಿದಿದ್ದರೆ ಸರಿಯಾಗಿದೆ ಎಂದರ್ಥ.

ಉತ್ತರ 2:
ಜಾಗದ ಬಗ್ಗೆ: ಎಲ್ಲರೂ ಗೋಪುರದೆದುರು ನದಿಯಾಚೆ ಇರುವ ಟ್ರೊಕಾಡೆರೊ ಚೌಕಕ್ಕೇ ಓಡುತ್ತಾರೆ. ಅಲ್ಲಿಂದ ಗೋಪುರ ಆಗ್ನೇಯಕ್ಕಿದೆ, ಡಿಸೆಂಬರ್‌ನಲ್ಲಿ ಸೂರ್ಯ ಮುಳುಗೋದು ನೈಋತ್ಯಕ್ಕೆ. ಹಾಗಾಗಿ ಗೋಪುರದ ಹಿಂದಿನ ಆಕಾಶ ಬೇಗ ಕಪ್ಪಾಗುತ್ತದೆ. ಆಲ್ಮಾ ಸೇತುವೆ ಮೇಲೆ ನಿಂತರೆ ಸಂಜೆಗೆಂಪು ಗೋಪುರದ ಬೆನ್ನಿಗೇ ಬರುತ್ತದೆ, ಸೇನ್ ನದಿಯೂ ಸಿಗುತ್ತದೆ. ಸೂರ್ಯಾಸ್ತ 5 ಗಂಟೆಯ ಆಸುಪಾಸು, 5.20ರಿಂದ 5.40ರವರೆಗಿನ ನೀಲಿ ಬಿಡಬೇಡಿ. 6ಕ್ಕೆ ಮಿನುಗುವಾಗ ಆಕಾಶ ಪೂರ್ತಿ ಕಪ್ಪು.

ಪ್ರಶ್ನೆ ಕೇಳಿದವರು:
ಧನ್ಯವಾದ. ಟ್ರೈಪಾಡ್ ಬದಲು ಸೇತುವೆಯ ಕಟ್ಟೆ ಮೇಲಿಟ್ಟರೆ ಲೆನ್ಸ್ ಕೆಳಕ್ಕೆ ಬಾಗುತ್ತಲ್ಲ?

ಉತ್ತರ 2:
ಮಫ್ಲರ್ ಮಡಚಿ ಲೆನ್ಸ್ ಕೆಳಗೆ ಕೊಡಿ. ಸ್ಟ್ರಾಪ್ ಮಣಿಕಟ್ಟಿಗೆ ಸುತ್ತಿರಲಿ, ಟೈಮರ್ 2 ಸೆಕೆಂಡ್. ಭಾರಿ ವಾಹನ ಹೋದಾಗ ಸೇತುವೆ ಅದುರುತ್ತದೆ, ಅದು ದಾಟುವವರೆಗೆ ಕಾಯಿರಿ. ಲೆನ್ಸ್ ಮುಂದೆ ಯುವಿ ಫಿಲ್ಟರ್ ಗಾಜು ಇದ್ದರೆ ಕಳಚಿಡಿ; ಇಲ್ಲದಿದ್ದರೆ ದೀಪಗಳ ಪ್ರತಿಬಿಂಬ ಗಾಜಿನಲ್ಲಿ ಮೂಡಿ ಕಪ್ಪು ಆಕಾಶದಲ್ಲಿ ತಲೆಕೆಳಗಾದ ಚುಕ್ಕಿಗಳಾಗಿ ಕಾಣುತ್ತವೆ. ಫೋಕಸ್ ಗೋಪುರದ ಅಂಚಿಗೆ ಹಿಡಿದು ಮ್ಯಾನುಯಲ್‌ಗೆ ಹಾಕಿಬಿಡಿ, ಮಿನುಗು ಶುರುವಾದ ಮೇಲೆ ಆಟೋಫೋಕಸ್ ತಡಕಾಡುತ್ತದೆ.

ಉತ್ತರ 3:
ರಾ ಫೈಲಲ್ಲೇ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್) ತೆಗೆಯಿರಿ, ಆಗ ಬಣ್ಣ ಆಮೇಲೂ ತಿದ್ದಬಹುದು. ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ತಕ್ಕಂತೆ ಫೋಟೋ ಬಣ್ಣ ಹೊಂದಿಸುವ ಸೆಟ್ಟಿಂಗ್) ಆಟೋದಲ್ಲಿದ್ದರೆ ಆ ಹೊಂಬಣ್ಣವನ್ನು ಪೇಲವ ಮಾಡುತ್ತದೆ. ಅದನ್ನು 4000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಹತ್ತಿರ ಇಟ್ಟರೆ ಬಣ್ಣ ಉಳಿಯುತ್ತದೆ. ಇನ್ನೊಂದು ವಿಷಯ: ಗೋಪುರದ ರಾತ್ರಿ ದೀಪಾಲಂಕಾರಕ್ಕೆ ಕಾಪಿರೈಟ್ ಇದೆ. ನಿಮ್ಮ ಆಲ್ಬಮ್‌ಗೆ ತೊಂದರೆಯಿಲ್ಲ, ಆದರೆ ಫೋಟೋ ಮಾರಲು ಅಥವಾ ಜಾಹೀರಾತಿಗೆ ಕೊಡಲು ಗೋಪುರ ನಡೆಸುವ ಸಂಸ್ಥೆಯ ಅನುಮತಿ ಬೇಕು. ಹಗಲಿನ ಫೋಟೋಗೆ ಬೇಡ.