ಬೀಟಲ್ 1303 ಕ್ಯಾಬ್ರಿಯೊ: ಮಣಿಪಾಲದ ಏರಿನಲ್ಲಿ ಆಫ್ ಆಗ್ತದೆ, ಮಾರ್ಲಿಕ್ಕೆ ಇಟ್ಟದ್ದು. ಕಾರ್ಬುರೇಟರ್ ಯಾವುದು ಹಾಕುದು?

ಕಲ್ಸಂಕ_1303:
ಮಂಡೆ ಬಿಸಿ ಆಗಿದೆ ಮಾರಾಯ್ರೆ. 1974ರ ಫೋಕ್ಸ್‌ವ್ಯಾಗನ್ ಬೀಟಲ್ ಕ್ಯಾಬ್ರಿಯೊ (ಮಡಚುವ ಹುಡ್‌ನದ್ದು), ಪೂರ್ತಿ ರೆಸ್ಟೋರ್ ಆದ ಗಾಡಿ. ಪೇಂಟ್, ಹುಡ್, ಸೀಟು ಎಲ್ಲ ಹೊಸತು. ಬರುವ ಆದಿತ್ಯವಾರ ಮಂಗಳೂರಿನಿಂದ ಪಾರ್ಟಿ ನೋಡ್ಲಿಕ್ಕೆ ಬರ್ತಾರೆ. ಊರೊಳಗೆ ಎಂತ ತೊಂದ್ರೆಯೂ ಇಲ್ಲ. ಇಂದ್ರಾಳಿ ದಾಟಿ ಏರು ಹತ್ತುವಾಗ ಎರಡು ಸಲ ಮಿಸ್ಸಿಂಗ್ ಹೊಡೀತದೆ, ಮತ್ತೆ ಆಫ್. ಸೆಲ್ಫ್ ಚೆಂದ ತಿರುಗ್ತದೆ, ಸ್ಟಾರ್ಟ್ ಇಲ್ಲ. 20 ನಿಮಿಷ ಬಿಟ್ಟು ಹೊಡೆದ್ರೆ ಏನೂ ಆಗದ ಹಾಗೆ ಸ್ಟಾರ್ಟ್. ಕಾರ್ಬುರೇಟರ್ ಬಿಚ್ಚಿ ಕ್ಲೀನ್ ಮಾಡಿಸಿ ಆಯ್ತು. ಪೆಟ್ರೋಲ್ ಪಂಪ್ ಹೊಸತು, ಪ್ಲಗ್ ಹೊಸತು, ಬಾಕಿ ಎಲ್ಲ ಸ್ಟ್ಯಾಂಡರ್ಡ್. ಹೊಸ ಕಾರ್ಬುರೇಟರ್ ಯಾವುದು ತರಿಸುದು, ಅಷ್ಟು ಹೇಳಿ ಸಾಕು.

ಮಲ್ಪೆ_ಏರ್‌ಕೂಲ್:
ವೇಪರ್ ಲಾಕ್, ಬಿಸಿಗೆ ಪೆಟ್ರೋಲ್ ದಾರಿಯಲ್ಲೇ ಆವಿ ಆಗಿ ಕಟ್ಟುವುದು. ಬೇರೆ ಎಂತದೂ ಅಲ್ಲ. ಈಗ ಬಂಕಿನಲ್ಲಿ ಹಾಕುವುದು ಇ20, 20% ಎಥೆನಾಲ್ ಸೇರಿದ ಪೆಟ್ರೋಲ್. ಪಂಪ್ ಕೂತಿರುವುದು ಎಂಜಿನ್ ಕೇಸ್ ಮೇಲೆ, ಡೆಲ್ಕೊ (ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್) ಪಕ್ಕದಲ್ಲಿ, ಕೇಸಿನ ಬಿಸಿ ನೇರ ಅದಕ್ಕೇ. ಪೈಪ್ ಎಲ್ಲಿಯಾದ್ರೂ ಟಿನ್‌ಗೆ (ಎಂಜಿನ್ ಸುತ್ತಿನ ತಗಡು) ತಾಗಿದ್ರೆ ಬಿಡಿಸಿ. ಹಳೆ ಬಟ್ಟೆ ಸುತ್ತಿದ ಪೈಪ್ ಇದ್ರೆ ಕಿತ್ತು ಬಿಸಾಡಿ, ಎಥೆನಾಲ್‌ಗೆ ಅದು ಒಳಗಿನಿಂದ ಪುಡಿ ಆಗ್ತದೆ. 5 ಎಂಎಂ ಒಳ ಅಳತೆಯ ಆರ್9 (ಎಥೆನಾಲ್ ತಡೆಯುವ) ಪೈಪ್ ಹಾಕಿ.

ಪಂಪ್ ಹೊಸತು ಅಂದ್ರಿ, ಅದನ್ನು ನೂಕುವ ಕೆಳಗಿನ ಪುಶ್‌ರಾಡ್ ಅಳೆದಿದ್ದೀರಾ? ಜನರೇಟರ್ ಗಾಡಿಯ ನೆಟ್ಟಗಿನ ಪಂಪಿಗೆ 108 ಎಂಎಂ, ಆಲ್ಟರ್ನೇಟರ್ ಗಾಡಿಯ ಓರೆ ಪಂಪಿಗೆ 100 ಎಂಎಂ. ಗಿಡ್ಡದ್ದು ಹಾಕಿದ್ರೆ ಏರಿನಲ್ಲಿ ಪೆಟ್ರೋಲ್ ಸಾಕಾಗುದಿಲ್ಲ, ಉದ್ದದ್ದು ಹಾಕಿದ್ರೆ ಡಯಾಫ್ರಮ್ ಹರೀತದೆ.

ಪಾನಾ_ಹತ್ತು:
ಮೊದಲು ಪೆಟ್ರೋಲಾ ಕರೆಂಟಾ ಅಂತ ಗೊತ್ತಾಗ್ಲಿ. ಆಫ್ ಆದ ಜಾಗದಲ್ಲೇ ಏರ್ ಕ್ಲೀನರ್ ತೆಗೆದು, ಕಾರ್ಬುರೇಟರ್ ಬಾಯಿಗೆ ಬಗ್ಗಿ, ಥ್ರಾಟಲ್ ಕೈಯಲ್ಲಿ ಎಳೀರಿ. ಹಿತ್ತಾಳೆ ನಳಿಕೆಯಿಂದ ಪೆಟ್ರೋಲ್ ಚಿರ್ ಅಂತ ಚಿಮ್ಮಿದ್ರೆ ಫ್ಲೋಟ್ ಬೌಲಿನಲ್ಲಿ ಪೆಟ್ರೋಲ್ ಉಂಟು, ವೇಪರ್ ಲಾಕ್ ಮಾತು ಅಲ್ಲಿಗೆ ಮುಗೀತು. ಆಮೇಲೆ ಒಂದು ಪ್ಲಗ್ ಬಾಡಿಗೆ ತಾಗಿಸಿ ಸೆಲ್ಫ್ ಹೊಡೆಸಿ, ಕಿಡಿ ನೋಡಿ. ಪೆಟ್ರೋಲ್ ಆವಿ ಇರುವ ಕಾರ್ಬುರೇಟರ್‌ನಿಂದ ದೂರ ಇಟ್ಟು ಮಾಡಿ.

ಡೆಲ್ಕೊ ಯಾವುದು? ಸಿಬಿ ಪಾಯಿಂಟಾ (ಕಿಡಿಗೆ ಕರೆಂಟ್ ಕಡಿದು ಬಿಡುವ ಹಳೆ ಸ್ವಿಚ್)?

ಕಲ್ಸಂಕ_1303:
ಡೆಲ್ಕೊ ಸಮ ಉಂಟು, ಹೊಳೀತದೆ. ಪುಶ್‌ರಾಡ್ 100, ಓರೆ ಪಂಪ್. ಪೈಪ್ ಎಲ್ಲ ಹೊಸತು ಹಾಕಿದೆ. ಇವತ್ತು ಪುನಃ ಅದೇ ಜಾಗದಲ್ಲಿ ಆಫ್.

ಮಲ್ಪೆ_ಏರ್‌ಕೂಲ್:
ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಹತ್ತಿಸಿ ನೋಡಿ. ಖಂಡಿತ ಹೋಗ್ತದೆ.

ಕುಡ್ಲ_ಟೈಪ್1:
ಬಿಸಿ ಯಾಕೆ ಆಗ್ತದೆ ಅಂತ ಯಾರೂ ಕೇಳುದಿಲ್ಲವಲ್ಲ. ಸೆಡಾನ್‌ಗೆ ಹಿಂದಿನ ಗಾಜಿನ ಕೆಳಗೆ ಗಾಳಿ ಕಿಂಡಿ ಉಂಟು. ಕ್ಯಾಬ್ರಿಯೊದಲ್ಲಿ ಆ ಜಾಗದಲ್ಲಿ ಮಡಚಿದ ಹುಡ್ ಕೂತ್ಕೊಳ್ತದೆ, ಹಾಗಾಗಿ ಎಂಜಿನ್ ತಣಿಸ್ಲಿಕ್ಕೆ ಫ್ಯಾನ್ ಎಳೆಯುವ ಗಾಳಿ ಎಲ್ಲ, ಹಿಂದೆ ಎಂಜಿನ್ ಇರುವ ಡಿಕ್ಕಿಯ ಮುಚ್ಚಳದ ಸೀಳುಗಳಿಂದಲೇ ಬರಬೇಕು. ಪೇಂಟ್ ಮಾಡಿಸುವಾಗ ಚೆಂದಕ್ಕೆ ಅಂತ ಸೀಳಿಲ್ಲದ ಮುಚ್ಚಳ ಹಾಕಿದ್ರೆ ಎಂಜಿನ್ ಕತೆ ಮುಗೀತು.

ಇನ್ನೊಂದು, ರಬ್ಬರ್. ಡಿಕ್ಕಿ ತೆಗೆದು ಎಂಜಿನ್ ಮೇಲಿನಿಂದ ಕೆಳಗೆ ನೋಡಿ. ಟಿನ್‌ಗೂ ಬಾಡಿಗೂ ನಡುವೆ ಎಲ್ಲಿಯಾದ್ರೂ ರಸ್ತೆ ಕಂಡ್ರೆ ಸುತ್ತಿನ ರಬ್ಬರ್ ಇಲ್ಲ ಅಂತ ಲೆಕ್ಕ. ಕೆಳಗೆ ಸೈಲೆನ್ಸರ್‌ನ ಬಿಸಿ ಗಾಳಿ ಆ ಸಂದಿನಿಂದ ಮೇಲೆ ಬಂದು ಪುನಃ ಫ್ಯಾನ್‌ಗೆ ಹೋಗ್ತದೆ. ಪ್ಲಗ್ ವೈರ್ ಒಳಗೆ ಹೋಗುವ ನಾಲ್ಕು ತೂತಿನ ರಬ್ಬರ್ ಬಿರುಕು ಬಿಟ್ಟಿದ್ರೆ ಒತ್ತಡದ ಗಾಳಿ ಹೊರಗೆ ಸೋರ್ತದೆ, ಸಿಲಿಂಡರ್‌ಗೆ ಸಿಗುದಿಲ್ಲ. ಬೆಲ್ಟ್ ಹೆಬ್ಬೆರಳಲ್ಲಿ ಒತ್ತಿದ್ರೆ 15 ಎಂಎಂ ತಗ್ಗಬೇಕು. ಟ್ಯಾಪೆಟ್ (ವಾಲ್ವ್) ಗ್ಯಾಪ್ 0.15 ಎಂಎಂ, ಎಂಜಿನ್ ಪೂರ್ತಿ ತಣ್ಣಗಿರುವಾಗ.

ಪಣಂಬೂರು_1776:
ನಮ್ಮದು 1776 ಸಿಸಿಗೆ ಏರಿಸಿದ ಎಂಜಿನ್: 90.5 ಎಂಎಂ ಬ್ಯಾರಲ್, ಸ್ಟಾಕ್ 69 ಎಂಎಂ ಕ್ರ್ಯಾಂಕ್, ಅವಳಿ ಕಾರ್ಬುರೇಟರ್, ಹೊರಗಿನ ಆಯಿಲ್ ಕೂಲರ್, ಫ್ಯಾನ್ ಇಟ್ಟದ್ದು. ಆಗುಂಬೆ ಘಾಟಿ ಎರಡನೇ ಗೇರಿನಲ್ಲಿ ಆರಾಮ. ನಿಮ್ಮ ಸ್ಟಾಕ್ 1600 ಸಿಸಿ ಅಂದ್ರೆ ಇಷ್ಟೇ.

ಅದಿರಲಿ, 1974ರ ಗಾಡಿ 50 ವರ್ಷ ದಾಟಿತಲ್ಲ, ವಿಎ ನಂಬರ್ (ವಿಂಟೇಜ್ ಗಾಡಿಯ ನೋಂದಣಿ) ಮಾಡಿಸಿ. ಒಳ್ಳೆ ರೇಟ್ ಬರ್ತದೆ.

ಕುಡ್ಲ_ಟೈಪ್1:
ವಿಎ ಮಾಡಿಸಿದ್ರೆ ರೇಟ್ ಬರುವುದಲ್ಲ, ಪಾರ್ಟಿ ಓಡಿ ಹೋಗ್ತದೆ. 2021ರ ನಿಯಮ ಓದಿ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ತುಂಬಿಸ್ಲಿಕ್ಕೆ, ರಿಪೇರಿಗೆ ಬಿಟ್ರೆ ರಸ್ತೆಗೆ ಇಳಿಸುವ ಹಾಗಿಲ್ಲ. ದಿನಾ ಓಡಿಸುವವರಿಗೆ ಎಂತಕ್ಕೆ ಅದು? ಮತ್ತೆ ಚಾಸಿ, ಬಾಡಿ, ಎಂಜಿನ್ ಬದಲಾಯಿಸಿದ ಗಾಡಿ ವಿಂಟೇಜ್ ಲೆಕ್ಕಕ್ಕೇ ಬರುದಿಲ್ಲ. ನಿಮ್ಮ 1776 ಮೊದಲೇ ಔಟ್.

ಪಣಂಬೂರು_1776:
ನಾನೆಲ್ಲಿ ನನ್ನದಕ್ಕೆ ಕೇಳಿದೆ?

ಪಾನಾ_ಹತ್ತು:
ಆರ್‌ಟಿಒ ವಿಷಯಕ್ಕೆ ಬೇರೆ ಚರ್ಚೆ ಶುರು ಮಾಡಿ ಮಾರಾಯ್ರೆ. ಕಲ್ಸಂಕದವರೇ, ಪೆಟ್ರೋಲ್ ಚಿಮ್ಮಿತಾ?

ಕಲ್ಸಂಕ_1303:
ಚಿಮ್ತದೆ, ಒಳ್ಳೆ ಜೋರಾಗಿ. ಒದ್ದೆ ಬಟ್ಟೆ ಕಟ್ಟಿದೆ, ಆದ್ರೂ ಆಫ್. ಡಿಕ್ಕಿಯ ಎಡ ಮೂಲೆಯಲ್ಲಿ ರಸ್ತೆ ಕಾಣ್ತದೆ, ಒಂದು ಗೇಣು ರಬ್ಬರ್ ಇಲ್ಲ. ಮುಚ್ಚಳದಲ್ಲಿ ಸೀಳು ಉಂಟು.

ಮಲ್ಪೆ_ಏರ್‌ಕೂಲ್:
ಬಟ್ಟೆ ಒಣಗಿರಬೇಕು. ಎಲೆಕ್ಟ್ರಿಕ್ ಪಂಪ್ ಹಾಕಿ ಬಿಡಿ.

ಪಾನಾ_ಹತ್ತು:
ಜೆಟ್ ಚಿಮ್ತದೆ ಅಂತ ಹೇಳಿದ ಮೇಲೆಯೂ ಪಂಪಾ? ಹಾಕುವವರಿದ್ರೂ ಟ್ಯಾಂಕ್ ಪಕ್ಕ, ಮುಂದೆ ಹಾಕ್ಬೇಕು. ಒತ್ತಡ 3 ಪಿಎಸ್‌ಐ ದಾಟಿದ್ರೆ ಸೋಲೆಕ್ಸ್ ಕಾರ್ಬುರೇಟರಿನ ಪೆಟ್ರೋಲ್ ನಿಲ್ಲಿಸುವ ನೀಡಲ್ ತಡೆಯುದಿಲ್ಲ. ಆಯಿಲ್ ಪ್ರೆಶರ್ ಸ್ವಿಚ್ ಮೂಲಕ ಕರೆಂಟ್ ಕೊಡದಿದ್ರೆ, ಪೈಪ್ ಕಳಚಿದ ದಿನ ಎಂಜಿನ್ ನಿಂತ ಮೇಲೂ ಪೆಟ್ರೋಲ್ ಸುರೀತಾ ಇರ್ತದೆ. ಈ ಗಾಡಿಗಳು ಸುಟ್ಟು ಹೋಗುವುದು ಹಾಗೇ.

ಕಿಡಿ ಇತ್ತಾ? ಡೆಲ್ಕೊ ಯಾವುದು, ಎರಡನೇ ಸಲ ಕೇಳುವುದು.

ಕಲ್ಸಂಕ_1303:
ಕಿಡಿ ಇರ್ಲಿಲ್ಲ. ಡೆಲ್ಕೊ ಮೇಲೆ ನಂಬರಿನ ಕೊನೆಗೆ 009 ಅಂತ ಉಂಟು. ಪಾಯಿಂಟ್ ಇಲ್ಲ, ರೆಸ್ಟೋರ್ ಮಾಡುವಾಗ ಎಲೆಕ್ಟ್ರಾನಿಕ್ ಕಿಟ್ ಹಾಕಿದ್ದಾರೆ, ಕಾಯಿಲ್ (ಕಿಡಿಗೆ ವೋಲ್ಟ್ ಏರಿಸುವುದು) ಕೂಡ ಆಗಲೇ ಬದಲಾಯಿಸಿದ್ದು. ಕಾಯಿಲ್ ಮುಟ್ಟಿದ್ರೆ ಕೈ ಸುಡ್ತದೆ. ಅದು ಫ್ಯಾನ್ ಶ್ರೌಡ್ (ಫ್ಯಾನಿನ ತಗಡಿನ ಕವಚ) ಮೇಲೆ ಇರುವುದಲ್ವಾ, ಬಿಸಿ ಆಗುವುದೇ ಅಲ್ವಾ?

ಪಾನಾ_ಹತ್ತು:
“ಬಾಕಿ ಎಲ್ಲ ಸ್ಟ್ಯಾಂಡರ್ಡ್” ಅಂದಿದ್ರಿ!

ಬೆಚ್ಚಗೆ ಆಗುವುದು ಸಹಜ, ಕೈ ಸುಡಬಾರದು. ಕಾಯಿಲಿನ 15 ಮತ್ತು 1, ಎರಡೂ ಕಡೆಯ ವೈರ್ ತೆಗೆದು ಮಲ್ಟಿಮೀಟರಿನಲ್ಲಿ ಓಮ್ ನೋಡಿ. ಮೊದಲು ಮೀಟರಿನ ಎರಡು ಕಡ್ಡಿ ಒಟ್ಟಿಗೆ ತಾಗಿಸಿ ಬರುವ 0.2, 0.3 ಕಳೀಬೇಕು.

ಕಲ್ಸಂಕ_1303:
ಕಳೆದು 1.4.

ಪಾನಾ_ಹತ್ತು:
ಸಿಕ್ಕಿತು. ಅದು ಬ್ಯಾಲಸ್ಟ್ ರೆಸಿಸ್ಟರ್ (ಕರೆಂಟ್ ತಗ್ಗಿಸುವುದು) ಜೊತೆ ಹಾಕ್ಬೇಕಾದ ಕಾಯಿಲ್. ಬೀಟಲ್‌ನಲ್ಲಿ ರೆಸಿಸ್ಟರ್ ಇಲ್ಲ, ನೇರ 12 ವೋಲ್ಟ್ ಬರುವುದು. ಚಾರ್ಜ್ ಆಗುವಾಗ 13.8 ವೋಲ್ಟ್, 1.4ರಿಂದ ಭಾಗಿಸಿ: ಹತ್ತಿರ ಹತ್ತಿರ 10 ಆಂಪ್. 3 ಓಮ್‌ನ ಕಾಯಿಲ್ ಆದ್ರೆ ಐದು ಆಂಪ್ ಒಳಗೆ. ಕಾಯಿಲ್ ಮಾತ್ರ ಅಲ್ಲ, ಆ 10 ಆಂಪ್ ಕಿಟ್‌ನ ಮಾಡ್ಯೂಲ್ ಒಳಗೂ ಹೋಗ್ತದೆ. ಬಿಸಿಗೆ ಅದು ಕೆಲಸ ನಿಲ್ಲಿಸ್ತದೆ, ತಣ್ಣಗಾದ ಮೇಲೆ ಎಚ್ಚರ ಆಗ್ತದೆ. ನಿಮ್ಮ 20 ನಿಮಿಷ ಅದೇ.

3ರಿಂದ 4 ಓಮ್ ಒಳಗಿನ ಕಾಯಿಲ್ ಹಾಕಿ. ಎಂಜಿನ್ ಆಫ್ ಇರುವಾಗ ಚಾವಿ ಆನ್ ಇಟ್ಟು ರೇಡಿಯೊ ಕೇಳ್ಬೇಡಿ, ಪಾರ್ಟಿಗೂ ಹೇಳಿ. ಕಿಟ್ ಸುಡುವುದು ಹಾಗೆಯೇ.

ಮಲ್ಪೆ_ಏರ್‌ಕೂಲ್:
ಕಾಯಿಲ್ ಬಿಸಿ ಆದದ್ದೂ ರಬ್ಬರ್ ಇಲ್ಲದ್ದಕ್ಕೆ ಇರ್ಬಹುದು.

ಕುಡ್ಲ_ಟೈಪ್1:
ಈಗ ರಬ್ಬರ್ ನೆನಪಾಯ್ತಾ? ರಬ್ಬರ್ ಹೇಗೂ ಹಾಕ್ಲೇಬೇಕು, ಆದ್ರೆ 1.4 ಓಮ್ ರಬ್ಬರಿಂದ ಬರುದಿಲ್ಲ.

ಕಲ್ಸಂಕ_1303:
3.2 ಓಮ್‌ನ ಕಾಯಿಲ್ ಹಾಕಿದೆ. ಈಗ ಕೈ ಇಟ್ಟು ನಿಲ್ಲಬಹುದು. ಮೊದಲ ಸಲ ಟೈಗರ್ ಸರ್ಕಲ್ ತನಕ ಹೋಯ್ತು. ಎರಡನೇ ಸಲ ಲಕ್ಷ್ಮೀಂದ್ರ ನಗರದ ಹತ್ತಿರ ಪುನಃ ಆಫ್. ಕಿಡಿ ಇಲ್ಲ.

ಪಾನಾ_ಹತ್ತು:
ಮಾಡ್ಯೂಲ್ ಆಗಲೇ ಹೋಗಿರ್ತದೆ. ಆದಿತ್ಯವಾರಕ್ಕೆ ಮೊದಲು ಕಿಟ್ ತೆಗೆದು ಸಿಬಿ ಪಾಯಿಂಟ್, ಕಂಡೆನ್ಸರ್ ಹಾಕಿ. ಕಾಯಿಲ್ ಈಗ ಸರಿ ಇರುವುದರಿಂದ ಬೇರೆ ಎಂತದೂ ಬದಲಾಯಿಸ್ಲಿಕ್ಕಿಲ್ಲ. ಫೀಲರ್ ಗೇಜ್‌ನಲ್ಲಿ (ಸಂದು ಅಳೆಯುವ ತೆಳು ಪಟ್ಟಿ) ಪಾಯಿಂಟ್ ಗ್ಯಾಪ್ 0.4 ಎಂಎಂ, ಕ್ಯಾಮ್‌ನ ಎತ್ತರದ ಮೂಲೆಯಲ್ಲಿ ನಿಲ್ಲಿಸಿ. ಕ್ಯಾಮ್‌ಗೆ ಸಾಸಿವೆಯಷ್ಟು ಗ್ರೀಸ್, ಜಾಸ್ತಿ ಹಚ್ಚಿದ್ರೆ ಹಾರಿ ಪಾಯಿಂಟ್‌ಗೇ ತಾಗ್ತದೆ. ಗ್ಯಾಪ್ ಬದಲಾದ್ರೆ ಟೈಮಿಂಗ್ (ಕಿಡಿ ಬೀಳುವ ಹೊತ್ತು) ಬದಲಾಗ್ತದೆ, ಹಾಗಾಗಿ ಟೈಮಿಂಗ್ ಕೊನೆಗೆ. 009 ಡೆಲ್ಕೊಗೆ ವ್ಯಾಕ್ಯೂಮ್ ಅಡ್ವಾನ್ಸ್ (ಎಂಜಿನ್ ಎಳೆತದಿಂದ ಟೈಮಿಂಗ್ ಬದಲಾಯಿಸುವುದು) ಇಲ್ಲ, ಐಡಲ್ ಬಿಟ್ಟು 3500 ಆರ್‌ಪಿಎಂಗೆ ಏರಿಸಿ ಟೈಮಿಂಗ್ ಲೈಟ್ ಹಿಡೀರಿ, 28ರಿಂದ 32 ಡಿಗ್ರಿ ಒಳಗೆ ನಿಲ್ಲಿಸಿ. ಕಾಲಿಟ್ಟ ಕೂಡ್ಲೇ ಒಂದು ಗಳಿಗೆ ಪಿಕಪ್ ಬೀಳುವುದು 009 ಡೆಲ್ಕೊ, 34 ಪಿಕ್ಟ್-3 ಕಾರ್ಬುರೇಟರ್ ಜೋಡಿಯ ಗುಣ. ಪಾರ್ಟಿ ಕೇಳಿದ್ರೆ ಮುಚ್ಚಿಡಬೇಡಿ.

ಕಲ್ಸಂಕ_1303:
ಪಾಯಿಂಟ್ ಹಾಕಿ ನಿನ್ನೆ ಮಧ್ಯಾಹ್ನದ ಬಿಸಿಲಿಗೆ ಮೂರು ಸಲ ಹತ್ತಿಸಿದೆ, ನಿಲ್ಲಲಿಲ್ಲ. ರಬ್ಬರೂ ಹಾಕಿದೆ. ಹಾಗಾದ್ರೆ ಹೊಸ ಕಾರ್ಬುರೇಟರ್ ಬೇಡವಾ?

ಪಾನಾ_ಹತ್ತು:
ಬೇಡ.

ಮಲ್ಪೆ_ಏರ್‌ಕೂಲ್:
ಮೇ ತಿಂಗಳಲ್ಲಿ ನೋಡುವ.

ಕುಡ್ಲ_ಟೈಪ್1:
ಪಾರ್ಟಿ ತಿಳಿದವರಾದ್ರೆ ಎಂಜಿನ್‌ಗಿಂತ ಮೊದಲು ಬಾಗಿಲು ನೋಡ್ತಾರೆ. ಕ್ಯಾಬ್ರಿಯೊದ ಹೀಟರ್ ಚಾನೆಲ್ (ಬಾಗಿಲಿನ ಅಡಿಯ ಉದ್ದ ಪೆಟ್ಟಿಗೆ) ಕೆಳಗೆ ದಪ್ಪ ಬಲಪಟ್ಟಿ ಉಂಟು. ಕರಾವಳಿಯ ಉಪ್ಪು ಗಾಳಿಗೆ ಅದು ತುಕ್ಕು ಹಿಡಿದಾಗ ಸೆಡಾನ್ ಚಾನೆಲ್ ಬೆಸೆದು ಪಟ್ಟಿ ಬಿಟ್ಟವರಿದ್ದಾರೆ. ಆಗ ಗಾಡಿ ನಡುವೆ ಬಗ್ಗಿ, ಬಾಗಿಲಿನ ಮೇಲಿನ ಸಂದು ಕಿರಿದಾಗ್ತದೆ, ಕೆಳಗಿನದ್ದು ಅಗಲ. ಹುಡ್ ತೆರೆದು ಎರಡು ಫೋಟೋ ಹಾಕಿ: ನಾಲ್ಕು ಚಕ್ರದ ಮೇಲೆ ಒಂದು, ಹಿಂದೆ ಜಾಕ್ ಕೊಟ್ಟು ಎತ್ತಿ ಒಂದು. ಸಂದು ಬದಲಾಗಬಾರದು.

ಪಣಂಬೂರು_1776:
ರೇಟ್ ಎಷ್ಟು ಹೇಳಿದ್ದೀರಿ?

ಕುಡ್ಲ_ಟೈಪ್1:
ಫೋಟೋ ಬರ್ಲಿ ಮೊದಲು.