ಸಹಾಯ ಬೇಕು: ಪೈಥಾನ್ ಕಲಿಯುವವರಿಗೆ ತೋಟದ ಹಳೇ ಮಳೆ ಲೆಕ್ಕ (ಚಿಕ್ಕಮಗಳೂರು)

ಎಲ್ಲರಿಗೂ ನಮಸ್ಕಾರ. ಪೈಥಾನ್ (ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ಭಾಷೆ) ಪುಸ್ತಕದಲ್ಲಿ ಲೂಪ್, ಲಿಸ್ಟ್, ಫಂಕ್ಷನ್ ಮುಗಿಸಿ ಮುಂದೇನು ಅಂತ ನಿಂತಿರುವ ಹುಡುಗ ಹುಡುಗಿಯರಿಗೆ ಇನ್ನೊಂದು ಪುಸ್ತಕದ ಬದಲು ಕಾಫಿ ತೋಟದ ಮಳೆ ಲೆಕ್ಕ ಮಾಡಿಸಬೇಕೆಂದಿದ್ದೇವೆ. ಮೂಡಿಗೆರೆ, ಕೊಪ್ಪ, ಆಲ್ದೂರು ಕಡೆ ಯಾರ ಮನೆಯಲ್ಲಾದರೂ ಮಳೆ ಬರೆದಿಟ್ಟ ಪುಸ್ತಕವಿದ್ದರೆ ಎರಡು ವರ್ಷದ ಪುಟಗಳ ಫೋಟೋ ಕಳಿಸಿ. ತಾರೀಖು, ಮಳೆ ಎರಡೇ ಸಾಕು. ತೋಟದ ಹೆಸರು ಬೇಡ.

ಈ ಲೆಕ್ಕವನ್ನು ಸಿಎಸ್‌ವಿ ಫೈಲ್‌ಗೆ (ಅಲ್ಪವಿರಾಮ ಹಾಕಿ ಬರೆದ ಪಟ್ಟಿ) ಹಾಕಿ ಪೈಥಾನ್‌ನ csv ಮಾಡ್ಯೂಲ್‌ನಿಂದ ಓದಿದಾಗ ಎಲ್ಲವೂ ಸ್ಟ್ರಿಂಗ್ (ಸಂಖ್ಯೆಯಲ್ಲ, ಬರೀ ಅಕ್ಷರ) ಆಗಿ ಬರುತ್ತದೆ. ಹಾಗೇ ಕೂಡಿದರೆ 12 ಮತ್ತು 7 ಸೇರಿ 127! ಖಾಲಿ ಜಾಗವನ್ನು ಫ್ಲೋಟ್ (ದಶಮಾಂಶ ಸಂಖ್ಯೆ) ಮಾಡಹೋದರೆ ವ್ಯಾಲ್ಯೂ ಎರರ್ ಅಂತ ಪೈಥಾನ್ ನಿಂತುಬಿಡುತ್ತದೆ. ನಿಜವಾದ ತಲೆನೋವು ಬೇರೆ. ಪುಸ್ತಕದಲ್ಲಿ 1.5 ಅಂತಿದ್ದರೆ ಅದು ಒಂದೂವರೆ ಇಂಚೋ, 1 ಇಂಚು 5 ಸೆಂಟೋ (ಸೆಂಟ್ ಅಂದರೆ ಇಂಚಿನ ನೂರನೇ ಒಂದು ಭಾಗ)? ಮೊದಲನೆಯದು 38.1 ಮಿ.ಮೀ., ಎರಡನೆಯದು 26.67. ಇಲ್ಲಿ ಎರರ್ ಕೂಡ ಬರುವುದಿಲ್ಲ, ಮೊತ್ತ ಸುಮ್ಮನೆ ತಪ್ಪುತ್ತದೆ. ಅದಕ್ಕೇ ಇಂಚು, ಸೆಂಟ್ ಎರಡು ಬೇರೆ ಕಾಲಂ. ಸೆಂಟನ್ನು 100ರಿಂದ ಭಾಗಿಸಿ, ಇಂಚಿಗೆ ಸೇರಿಸಿ, 25.4ರಿಂದ ಗುಣಿಸುವುದು. ನಿಮ್ಮ ಪುಸ್ತಕದಲ್ಲಿ ಹೇಗೆ ಬರೆದಿದ್ದಾರೆ, ಖಾಲಿ ಬಿಟ್ಟ ದಿನ ಮಳೆ ಇಲ್ಲವೋ ಬರೆಯಲು ಮರೆತದ್ದೋ, ದಯವಿಟ್ಟು ತಿಳಿಸಿ.

ಭಾನುವಾರ ಎರಡು ಗಂಟೆ ಜೊತೆಗೆ ಕೂರಲು ಪೈಥಾನ್ ಬಲ್ಲ ಇಬ್ಬರೂ ಬೇಕು. ಕೋಡ್ ಬರೆದುಕೊಡಬೇಡಿ; ಎರರ್‌ನ ಕೊನೇ ಸಾಲು ಓದಿಸಿದರೆ ಸಾಕು.